ಅಂಕೆಗೂ ಅಕ್ಷರಾಭ್ಯಾಸ ಬೇಕು

ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ‘ಓಂ ನಮಃ ಶಿವಾಯ’ ಎಂದು ಬರೆಯಿಸುವ ದಿನ ಮನೆಯಲ್ಲಿ ಹಬ್ಬ. ಗುರುಗಳಿಗೆ ಫಲತಾಂಬೂಲ, ನೆರೆಹೊರೆಗೆ ಸಿಹಿ, ಮಗುವಿಗೆ ಹೊಸ ಬಟ್ಟೆ. ಅಕ್ಷರಕ್ಕೆ ಕನ್ನಡ ನಾಡು ಸಲ್ಲಿಸುತ್ತ ಬಂದಿರುವ ಈ ಗೌರವ ಸರ್ವವಿದಿತವಾದುದು. ಆದರೆ ಅಂಕೆಗೆ ಇಂತಹ ದಿನವೊಂದಿಲ್ಲ. ಕರೆಯದೆ ಬಂದ ನೆಂಟನಂತೆ ಅದು ಅಕ್ಷರದ ಹಿಂದೆಯೇ ಬಂದು ಹಲಗೆಯ ಮೂಲೆಯಲ್ಲಿ ಕುಳಿತುಬಿಡುತ್ತದೆ. ಲೋಕವ್ಯವಹಾರವೆಲ್ಲ ಅದರ ಮೇಲೆ ನಿಂತಿದ್ದರೂ ಅದರ ಕುಲವೇನು, ಅದು ನಡೆದುಬಂದ ದಾರಿ ಯಾವುದು ಎಂದು ವಿಚಾರಿಸುವವರು ವಿರಳ. ಈ ಅನಾದರದ ಫಲ ಇಂದು ಕಣ್ಣಿಗೆ ಕಾಣತೊಡಗಿದೆ.

ಹೊಳೆಹೊನ್ನೂರಿಗೆ ಅನತಿದೂರದಲ್ಲಿ ತುಂಗೆಯೂ ಭದ್ರೆಯೂ ಒಂದುಗೂಡುವ ಕೂಡಲಿ ಇದೆ. ಅಲ್ಲಿ ಪುರಾತನ ದೇವಾಲಯಗಳಿವೆ, ಶಿಲಾಶಾಸನಗಳಿವೆ. ಶಿವಮೊಗ್ಗ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸರು ೧೯೦೨ರಲ್ಲಿಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟವಾಗಿ ಅಚ್ಚುಮಾಡಿ ವಿದ್ವಲ್ಲೋಕಕ್ಕೆ ಒಪ್ಪಿಸಿದರು. ಪ್ರೌಢಶಾಲೆಯ ಬಾಲಕನೊಬ್ಬನನ್ನು ಇಂತಹ ಹಳೆಯ ಕಲ್ಲೊಂದರ ಮುಂದೆ ನಿಲ್ಲಿಸಿದರೆ, ಗುರುಗಳ ನೆರವಿನಿಂದ ಅವನು ಮೊದಲ ‘ಸ್ವಸ್ತಿ’ಯನ್ನು ಓದಿಯಾನು, ಅರಸನ ಹೆಸರನ್ನು ತಡವರಿಸುತ್ತಲಾದರೂ ಕೂಡಿಸಿಕೊಂಡಾನು. ವರ್ಷದ ಸಂಖ್ಯೆ ಬಂದೊಡನೆ ಅವನ ಓದು ನಿಂತುಬಿಡುತ್ತದೆ. ಕಲ್ಲಿನ ಅಂಕೆಯ ಮಾತು ಹಾಗಿರಲಿ, ಅಜ್ಜನ ಕಾಲದ ಮುದ್ರಿತ ಪುಸ್ತಕದ ಪುಟಸಂಖ್ಯೆಯಲ್ಲಿರುವ ೧ನ್ನು ಬಾಯ್ದೆರೆದ ಸೊನ್ನೆಯೆಂದು ಬಗೆಯುವ, ೬ಕ್ಕೂ ೯ಕ್ಕೂ ಇರುವ ಸೂಕ್ಷ್ಮಭೇದವನ್ನರಿಯದ ವಿದ್ಯಾರ್ಥಿಗಳು ಇಂದು ಯಾವ ಶಾಲೆಯಲ್ಲಿಯೂ ಸಿಗುತ್ತಾರೆ. ಕನ್ನಡವನ್ನು ಓದಬಲ್ಲವನು ಕನ್ನಡದ ಹತ್ತು ಅಂಕೆಗಳನ್ನು ಓದಲಾರನೆಂದರೆ ಆ ಸಾಕ್ಷರತೆ ಪೂರ್ಣವೆಂದು ಹೇಗೆ ಹೇಳುವುದು? ಈ ಕೊರತೆಯನ್ನು ತುಂಬುವ ಹೊಣೆ ಶಾಲೆಯದು; ಅದರಲ್ಲಿಯೂ ಮಠದ ನೆರಳಿನಲ್ಲಿ ಬೆಳೆದ ಶಾಲೆಯದು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಎಣಿಕೆ ಬರಹಕ್ಕಿಂತ ಹಳೆಯದು. ಮನುಷ್ಯನು ಲಿಪಿಯನ್ನು ಕಲ್ಪಿಸಿಕೊಳ್ಳುವ ಮುನ್ನವೇ ಬೆರಳನ್ನು ಮಡಿಸಿದ, ಕಲ್ಲುಹರಳನ್ನು ಕೂಡಿಟ್ಟ, ಮೂಳೆಯ ಮೇಲೆ ಗೆರೆ ಕೊರೆದ. ಮಲೆನಾಡಿನ ಕಣದಲ್ಲಿ ಭತ್ತ ಅಳೆಯುವ ರೈತ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿಯಲ್ಲಿ, ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಲೆಕ್ಕವಿಡುವ ಪದ್ಧತಿಯಲ್ಲಿ ಆ ಆದಿಮ ಗಣನೆಯ ನೆನಪು ಉಳಿದಿದೆ. ಎಣಿಕೆಯ ಪ್ರಾಚೀನತೆಗೆ ಭಾಷೆಯೇ ಮತ್ತೊಂದು ಸಾಕ್ಷಿ. ಒಂದರಿಂದ ನೂರರವರೆಗಿನ ಸಂಖ್ಯಾವಾಚಕಗಳು ಅಚ್ಚಗನ್ನಡದವು, ದ್ರಾವಿಡ ಭಾಷೆಗಳ ಸಮಾನ ಸಂಪತ್ತು. ‘ಸಾವಿರ’ ಮಾತ್ರ ಸಂಸ್ಕೃತದ ‘ಸಹಸ್ರ’ದಿಂದ ಬಂದ ತದ್ಭವ. ‘ಒಂಬತ್ತು’ ಎಂಬ ಮಾತಿನೊಳಗೆ ‘ಪತ್ತು’ ಅಡಗಿದೆ. ಹತ್ತಕ್ಕೆ ಒಂದು ಕಡಿಮೆ ಎಂಬುದೇ ಅದರ ಆಶಯ. ಹತ್ತನ್ನು ಒಂದು ಘಟಕವಾಗಿ ಹಿಡಿದು ಹಿಂದಕ್ಕೂ ಮುಂದಕ್ಕೂ ನೋಡುವ ದೃಷ್ಟಿ ಕನ್ನಡಿಗನ ನಾಲಗೆಯ ಮೇಲೆ ಲಿಪಿಗಿಂತ ಮೊದಲೇ ನೆಲೆಸಿತ್ತು.

ಎಣಿಸಿದ್ದನ್ನು ಬರೆದಿಡುವ ಪ್ರಶ್ನೆ ಬಂದಾಗ ಒಂದೊಂದು ನಾಗರಿಕತೆಯೂ ಒಂದೊಂದು ದಾರಿ ಹಿಡಿಯಿತು. ಈಜಿಪ್ಟಿನವರು ಒಂದಕ್ಕೆ ಗೀಟು, ನೂರಕ್ಕೆ ಹಗ್ಗದ ಸುರುಳಿ, ಸಾವಿರಕ್ಕೆ ತಾವರೆ, ಹತ್ತು ಸಾವಿರಕ್ಕೆ ಬೆರಳು, ಲಕ್ಷಕ್ಕೆ ಕಪ್ಪೆಮರಿಯ ಚಿತ್ರ ಬರೆದರು. ಒಂಬೈನೂರು ಎಂದು ಬರೆಯಬೇಕಾದರೆ ಹಗ್ಗದ ಸುರುಳಿಯನ್ನು ಒಂಬತ್ತು ಸಲ ಬರೆಯಬೇಕು. ಬ್ಯಾಬಿಲೋನಿನವರು ಹಸಿ ಜೇಡಿಯ ಹಲಗೆಯಲ್ಲಿ ಮೊಳೆಯಾಕಾರದ ಗುರುತನ್ನೊತ್ತಿ ಅರವತ್ತರ ಆಧಾರದಲ್ಲಿ ಲೆಕ್ಕ ಮಾಡಿದರು. ಗಂಟೆಗೆ ಅರವತ್ತು ನಿಮಿಷವೆಂಬ ವಿಭಾಗ ಅವರಿಂದ ಉಳಿದುಬಂದ ಆಸ್ತಿ. ಸ್ಥಾನಕ್ಕೆ ತಕ್ಕ ಬೆಲೆಯೆಂಬ ತತ್ತ್ವ ಅವರಿಗೆ ಹೊಳೆದಿತ್ತಾದರೂ, ಬರಿದಾದ ಸ್ಥಾನವನ್ನು ತೋರಿಸುವ ಗುರುತು ಬಹುಕಾಲ ಇರಲಿಲ್ಲ. ಅಮೆರಿಕ ಖಂಡದ ಮಾಯಾ ಜನ ಚುಕ್ಕೆ ಮತ್ತು ಗೀಟುಗಳಿಂದ ಇಪ್ಪತ್ತರ ಆಧಾರದ ಗಣನೆಯನ್ನು ಕಟ್ಟಿ, ಶೂನ್ಯಕ್ಕೆ ಚಿಪ್ಪಿನ ಚಿತ್ರವನ್ನು ಬಳಸಿದರು. ರೋಮನರು ಅಕ್ಷರಗಳನ್ನೇ ಅಂಕೆ ಮಾಡಿಕೊಂಡರು. ಅವರ ಬರಹ ಕಟ್ಟಡಗಳ ಮೇಲೆ ಶೋಭಿಸುತ್ತದೆ. ಆದರೆ ಆ ಬರಹದಲ್ಲಿ ಗುಣಾಕಾರ ಮಾಡಹೊರಟವನ ಪಾಡು ಹೇಳತೀರದು.

ಭಾರತದ ಆರಂಭವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ರೈಸರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ೨೫೬ ಎಂಬ ಸಂಖ್ಯೆ ಅಂಕೆಗಳಲ್ಲಿಯೇ ಇದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬ್ರಾಹ್ಮೀ ಬರಹದಲ್ಲಿ ಇನ್ನೂರಕ್ಕೆ ಒಂದು ಚಿಹ್ನೆ, ಐವತ್ತಕ್ಕೆ ಒಂದು, ಆರಕ್ಕೆ ಒಂದು. ಎರಡು, ಐದು, ಆರು ಎಂಬ ಅಂಕೆಗಳನ್ನು ಸಾಲಾಗಿ ಬರೆದರೆ ಅವುಗಳ ಸ್ಥಾನವೇ ಬೆಲೆಯನ್ನು ಹೇಳುತ್ತದೆಂಬ ಉಪಾಯ ಆ ಬರಹದಲ್ಲಿ ಕಾಣುವುದಿಲ್ಲ. ಕನ್ನಡ ನೆಲದ ಅತಿ ಪ್ರಾಚೀನ ಅಂಕೆಗಳ ಸಾಲಿಗೆ ಸೇರಿದ ಈ ಮೂರು ಚಿಹ್ನೆಗಳ ಮುಂದೆ ನಿಂತವನಿಗೆ, ಅವು ಮುಂದೆ ಎಷ್ಟು ದೂರ ನಡೆಯಬೇಕಾಗಿತ್ತೆಂಬುದು ಅರಿವಾಗುತ್ತದೆ.

ಆ ನಡಿಗೆ ಮುಗಿದುದು ಒಂಬತ್ತು ಅಂಕೆ ಮತ್ತು ಒಂದು ಸೊನ್ನೆಯಲ್ಲಿ. ಕನ್ನಡದಲ್ಲಿ ಸೊನ್ನೆಯೆಂಬುದು ಅನುಸ್ವಾರಕ್ಕೂ ಹೆಸರು, ಶೂನ್ಯಾಂಕಕ್ಕೂ ಹೆಸರು. ವೈಯಾಕರಣರು ಅನುಸ್ವಾರವನ್ನು ಯೋಗವಾಹವೆಂದು ಕರೆದರು. ಮತ್ತೊಂದು ವರ್ಣದ ಯೋಗವಿಲ್ಲದೆ ಅದಕ್ಕೆ ನಡೆಯಿಲ್ಲ. ಸಂಖ್ಯೆಯಲ್ಲಿಯೂ ಸೊನ್ನೆಯ ಸ್ವಭಾವ ಇದೇ. ಒಂಟಿಯಾಗಿ ನಿಂತಾಗ ಬೆಲೆಯಿಲ್ಲ; ಒಂದರ ಬಲಕ್ಕೆ ಬಂದು ನಿಂತರೆ ಒಂದು ಹತ್ತಾಗುತ್ತದೆ. ವ್ಯಾಕರಣದ ಪಾಠವನ್ನೂ ಗಣಿತದ ಪಾಠವನ್ನೂ ಒಂದೇ ಚಿಹ್ನೆಯಿಂದ ಬೋಧಿಸಬಹುದಾದ ಈ ಸೌಲಭ್ಯವನ್ನು ಕನ್ನಡದ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ಒಟ್ಟಿಗೆ ಕುಳಿತು ಬಳಸಿಕೊಳ್ಳಬೇಕು.

ಸ್ಥಾನಗಳ ಈ ಶಾಸ್ತ್ರಕ್ಕೆ ಕನ್ನಡ ನಾಡು ಸಲ್ಲಿಸಿದ ಸೇವೆ ಅಲ್ಪವಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಏಕ, ದಶ, ಶತ, ಸಹಸ್ರಗಳಿಂದ ತೊಡಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಅವನು ಹೆಸರಿಸಿದ್ದಾನೆ. ಆ ಗ್ರಂಥವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಸಂಪಾದಿಸಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಡಾ. ಪದ್ಮಾವತಮ್ಮನವರು ಸಿದ್ಧಪಡಿಸಿದ ಕನ್ನಡ ಅನುವಾದವನ್ನು ೨೦೦೦ದಲ್ಲಿ ಪ್ರಕಟಿಸಿದ ಕೀರ್ತಿ ಇದೇ ಶಿವಮೊಗ್ಗ ಜಿಲ್ಲೆಯ ಹೊಂಬುಜದ ಜೈನ ಮಠಕ್ಕೆ ಸಲ್ಲುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದನು. ಹಸುಗೆಯೆಂದರೆ ಪಾಲು ಮಾಡುವುದು. ಗಣಿತವನ್ನು ಕನ್ನಡದಲ್ಲಿ ಹೇಳಲಾಗದೆಂದು ಇಂದು ವಾದಿಸುವವರಿಗೆ ಎಂಟು ಶತಮಾನಗಳಿಗೂ ಹಿಂದೆಯೇ ಉತ್ತರ ಸಿದ್ಧವಾಗಿತ್ತು.

ಇಷ್ಟು ಹೇಳಿದೊಡನೆ ವೇದಿಕೆಯ ಮೇಲಿನ ಉತ್ಸಾಹ ಮೇರೆ ಮೀರುವ ಅಪಾಯವಿದೆಯೆಂಬುದನ್ನೂ ಹೇಳಬೇಕು. ಸಮಸ್ತ ಗಣಿತವೂ ಇಲ್ಲಿಯೇ ಹುಟ್ಟಿತೆಂಬ ಘೋಷಣೆ ವಿದ್ಯೆಗೆ ಭೂಷಣವಲ್ಲ. ಬ್ಯಾಬಿಲೋನಿನವರ ಸ್ಥಾನಕ್ರಮ, ಮಾಯಾ ಜನರ ಚಿಪ್ಪಿನ ಶೂನ್ಯ ಅವರವರ ಸ್ವತಂತ್ರ ಸಾಧನೆಗಳು. ಮಹಾವೀರಾಚಾರ್ಯನಂತಹ ಧೀಮಂತನೂ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ತಪ್ಪಾಗಿ ಹೇಳಿದನು. ಮೂರು ಶತಮಾನಗಳ ಅನಂತರ ಭಾಸ್ಕರಾಚಾರ್ಯನು ಅಂತಹ ರಾಶಿಯನ್ನು ಅನಂತವೆಂದು ಬಗೆದನು. ಬಳ್ಳಿಗಾವೆಯಲ್ಲಿ ಜನಿಸಿದನೆಂದು ಪರಂಪರೆ ನಂಬುವ ಅಲ್ಲಮಪ್ರಭುವಿನ ಶೂನ್ಯ, ಶೂನ್ಯಸಿಂಹಾಸನದ ಶೂನ್ಯ, ಅನುಭಾವದ ಮಾತು. ಲೆಕ್ಕದ ಪುಸ್ತಕದ ಸೊನ್ನೆ ವ್ಯವಹಾರದ ಗುರುತು. ಎರಡಕ್ಕೂ ಹೆಸರೊಂದೇ ಎಂದು ಎರಡನ್ನೂ ಕಲಸಿದರೆ ಅನುಭಾವಕ್ಕೂ ಅನ್ಯಾಯ, ಗಣಿತಕ್ಕೂ ಅನ್ಯಾಯ. ಉತ್ಪ್ರೇಕ್ಷೆಯಿಲ್ಲದ ಸತ್ಯವೇ ಸಾಕಷ್ಟು ದೊಡ್ಡದಾಗಿದೆ. ಸಿರಿಯಾದ ಕ್ರೈಸ್ತ ಧರ್ಮಾಧಿಕಾರಿ ಸೆವೆರಸ್ ಸೆಬೋಖ್ತನು ಕ್ರಿ.ಶ. ೬೬೨ರಲ್ಲಿ, ಭಾರತೀಯರು ಒಂಬತ್ತು ಚಿಹ್ನೆಗಳಿಂದ ಲೆಕ್ಕ ಮಾಡುವ ಬಗೆಯನ್ನು ಕೊಂಡಾಡಿದನು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಆ ಪದ್ಧತಿಯನ್ನು ವಿವರಿಸಿದನು. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ೧೨೦೨ರಲ್ಲಿ ತನ್ನ ಗ್ರಂಥದ ಮೂಲಕ ಯೂರೋಪಿನ ವರ್ತಕರಿಗೆ ಅದನ್ನು ಪರಿಚಯಿಸಿದನು. ಇದು ಪರರೇ ಒಪ್ಪಿ ಬರೆದ ಚರಿತ್ರೆ.

ಭಾರತದ ಬಹು ಪ್ರಸಿದ್ಧ ಸೊನ್ನೆ ದೊರೆತಿರುವುದು ಎಲ್ಲಿ ಎಂಬುದು ದಾನಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಗ್ವಾಲಿಯರಿನ ಚತುರ್ಭುಜ ದೇವಾಲಯದ ಕ್ರಿ.ಶ. ೮೭೬ರ ಶಾಸನವೊಂದು ದೇವರ ಹೂದೋಟಕ್ಕಾಗಿ ಬಿಟ್ಟ ಭೂಮಿಯ ಅಳತೆಯನ್ನು ೨೭೦ ಮತ್ತು ೧೮೭ ಹಸ್ತಗಳೆಂದೂ, ದಿನವೂ ಸಲ್ಲಬೇಕಾದ ಮಾಲೆಗಳ ಸಂಖ್ಯೆಯನ್ನು ೫೦ ಎಂದೂ ಅಂಕೆಗಳಲ್ಲಿ ಹೇಳುತ್ತದೆ. ವಿಶ್ವದ ವಿದ್ವಾಂಸರು ಅರಸಿ ಹೋಗಿ ನೋಡುವ ಆ ಸೊನ್ನೆ ಒಂದು ದಾನಪತ್ರದ ಸೊನ್ನೆ. ದಾನವನ್ನು ಅಳತೆಯಿಟ್ಟು ಬರೆದುದರಿಂದಲೇ ಅಂಕೆ ಕಲ್ಲಿಗೇರಿತು.

ಕನ್ನಡ ಶಾಸನಗಳ ಮಾತೂ ಹಾಗೆಯೇ. ಮೊದಮೊದಲು ಕಾಲವನ್ನು ಮಾತಿನಲ್ಲಿಯೇ ಬರೆಯುತ್ತಿದ್ದರು. ಒಂದನೆಯ ಪುಲಕೇಶಿಯ ಬಾದಾಮಿಯ ಬಂಡೆಗಲ್ಲಿನ ಶಾಸನದಲ್ಲಿ ಶಕವರ್ಷ ೪೬೫, ಅಂದರೆ ಕ್ರಿ.ಶ. ೫೪೩, ರವಿಕೀರ್ತಿಯ ಐಹೊಳೆಯ ಶಾಸನದಲ್ಲಿ ಶಕವರ್ಷ ೫೫೬, ಅಂದರೆ ಕ್ರಿ.ಶ. ೬೩೪. ಇವೆರಡೂ ಮಾತಿನಲ್ಲಿವೆ. ಕವಿಗಳು ಮತ್ತೊಂದು ಉಪಾಯವನ್ನು ಬಳಸಿದರು. ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ವೇದವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು. ಅಂಕೆಗಳ ಗತಿ ಎಡಕ್ಕೆ ಎಂಬ ನಿಯಮದಂತೆ ‘ಋತು ಬಾಣ ಶರ’ ಎಂದರೆ ೫೫೬. ಕಂಠಪಾಠದ ಕಾಲದಲ್ಲಿ ಲಿಪಿಕಾರನ ಕೈತಪ್ಪಿನಿಂದ ಸಂಖ್ಯೆಯನ್ನು ರಕ್ಷಿಸಿದ ಕವಚವಿದು. ಸಂಗೀತಗಾರರು ಇಂದಿಗೂ ಬಳಸುವ ಕಟಪಯಾದಿ ಸೂತ್ರವೂ ಇದೇ ಜಾತಿಯದು. ಮೇಚಕಲ್ಯಾಣಿಯೆಂಬ ಹೆಸರಿನ ಮೊದಲೆರಡು ಅಕ್ಷರಗಳೇ ಅದು ೬೫ನೆಯ ಮೇಳವೆಂದು ಹೇಳುತ್ತವೆ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬರುವಾಗ ಅಂಕೆ ಶಾಸನಗಳಲ್ಲಿ ಧಾರಾಳವಾಗಿ ಬಳಕೆಗೆ ಬಂದಿತ್ತು. ‘ಚಾಲುಕ್ಯ ವಿಕ್ರಮ ವರ್ಷದ ೧೨ನೆಯ ಪ್ರಭವ ಸಂವತ್ಸರ’ ಎಂದು ಕಲ್ಲು ಹೇಳಿದರೆ, ಆರನೆಯ ವಿಕ್ರಮಾದಿತ್ಯನ ಶಕೆ ಕ್ರಿ.ಶ. ೧೦೭೬ರಲ್ಲಿ ಮೊದಲಾದುದರಿಂದ, ಅದು ಕ್ರಿ.ಶ. ೧೦೮೭ ಎಂದು ವಿದ್ಯಾರ್ಥಿಯೇ ಲೆಕ್ಕ ಹಾಕಬಲ್ಲನು. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಪ್ರಭವ ಅದೇ ವರ್ಷಕ್ಕೆ ಬರುವುದೇ ಎಂದು ತಾಳೆ ನೋಡಬಲ್ಲನು. ೧೯೮೭ರಲ್ಲಿ ಪ್ರಭವ ಮೊದಲಾಯಿತು. ಅಲ್ಲಿಂದ ಹದಿನೈದು ಆವರ್ತ ಹಿಂದಕ್ಕೆ ಹೋದರೆ ೧೦೮೭. ಅಂಕೆಯೊಂದು ಬೀಗ, ಸಂವತ್ಸರದ ಹೆಸರು ಮತ್ತೊಂದು ಬೀಗ. ಎರಡೂ ತೆರೆದಾಗಲೇ ಕಾಲ ನಿಶ್ಚಯ. ಕಲ್ಲಿನಲ್ಲಿ ಅಂಕೆ ಸವೆದು ೬ೋ ೯ೋ ಎಂಬ ಸಂದೇಹ ಬಂದಾಗ ಸಂವತ್ಸರ ಅದನ್ನು ಪರಿಹರಿಸುತ್ತದೆ. ದಾನದ ಭೂಮಿ ಎಷ್ಟು ಮತ್ತರು, ಎಷ್ಟು ಕಮ್ಮ, ಸಲ್ಲಬೇಕಾದ ಹಣ ಎಷ್ಟು ಗದ್ಯಾಣ, ಎಷ್ಟು ಪಣ, ಎಷ್ಟು ಹಾಗ, ಎಷ್ಟು ವೀಸ ಎಂಬುದಕ್ಕೆ ಮಾತ್ರ ಅಂತಹ ಎರಡನೆಯ ಸಾಕ್ಷಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಅಂಕೆಯನ್ನು ತಪ್ಪಾಗಿ ಓದಿದರೆ ದಾನವೇ ತಪ್ಪಾಗಿ ಓದಿದಂತೆ.

ಈ ಲೆಕ್ಕವಿದ್ಯೆಯನ್ನು ಜನಸಾಮಾನ್ಯರ ಮಕ್ಕಳಿಗೆ ಮುಟ್ಟಿಸಿದವರಲ್ಲಿ ಊರೂರಿನ ಐಗಳು ಪ್ರಮುಖರು. ಬಳ್ಳಿಗಾವೆಯ ಕೋಡಿಮಠ ವೇದ, ವ್ಯಾಕರಣ, ದರ್ಶನಗಳ ಅಧ್ಯಯನಕ್ಕೂ ದೀನರ ಅನ್ನದಾನಕ್ಕೂ ನೆಲೆಯಾಗಿತ್ತೆಂದು ಕ್ರಿ.ಶ. ೧೧೬೨ರ ಶಾಸನ ವರ್ಣಿಸುತ್ತದೆ. ಇತ್ತೀಚಿನ ಶತಮಾನಗಳಲ್ಲಿ ಹಳ್ಳಿಯ ಪಾಠಶಾಲೆಗೆ ಕೂಲಿಮಠವೆಂದೇ ಹೆಸರು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಂಕೆ ತಿದ್ದಿದರು; ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಸಂಜೆಯ ದೀಪದ ಮುಂದೆ ಒಕ್ಕೊರಲಿನಿಂದ ಒಪ್ಪಿಸಿದರು. ಲೆಕ್ಕಪತ್ರಗಳಿಗೆ ಕಡತವಿತ್ತು. ಇದ್ದಲು ಮತ್ತು ಹುಣಿಸೆ ಬೀಜದ ಸರಿಯನ್ನು ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಕ್ರಿ.ಶ. ೧೬೪೫ರಿಂದ ೧೬೬೦ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನ ‘ಶಿಸ್ತು’ ಇಂದಿಗೂ ಮನೆಮಾತಾಗಿದ್ದರೆ ಅದಕ್ಕೆ ಕಾರಣ ಖಡ್ಗವಲ್ಲ, ಲೆಕ್ಕ. ಭೂಮಿಯನ್ನು ಗುಣಾನುಸಾರ ವಿಂಗಡಿಸಿ, ಬೆಳೆಯ ಪ್ರಮಾಣವನ್ನು ನೋಡಿ, ಅದರಂತೆ ಕಂದಾಯವನ್ನು ಗೊತ್ತುಪಡಿಸಿದ ವ್ಯವಸ್ಥೆ ಕನ್ನಡದ ಅಂಕೆಗಳ ಮೇಲೆಯೇ ನಡೆಯಿತು. ರೂಪಾಯಿಗೆ ಹದಿನಾರು ಆಣೆಯೆಂಬ ಎಣಿಕೆ ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯಗಳು ಬಂದಾಗ ಹಿಂದೆ ಸರಿಯಿತು. ಹದಿನಾರನೆಯ ಒಂದು ಪಾಲೆಂಬ ಅರ್ಥದ ವೀಸವನ್ನು ಮಕ್ಕಳು ಈಗ ಗಾದೆಗಳಲ್ಲಷ್ಟೇ ಕೇಳುತ್ತಾರೆ. ವ್ಯವಹಾರ ಬದಲಾದಂತೆ ಅಳತೆ ಬದಲಾಗುವುದು ಸಹಜ. ಆದರೆ ಹಳೆಯ ಅಳತೆಯನ್ನು ಓದುವ ಕಣ್ಣೇ ಇಲ್ಲವಾಗುವುದು ಸಹಜವಲ್ಲ, ನಷ್ಟ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಜಗತ್ತೆಲ್ಲ ಒಂದೇ ಬಗೆಯ ಅಂಕೆಗಳನ್ನು ಬಳಸುತ್ತಿರುವಾಗ, ಪಠ್ಯಪುಸ್ತಕದಲ್ಲಿಯೂ ಬ್ಯಾಂಕಿನಲ್ಲಿಯೂ ಗಣಕಯಂತ್ರದಲ್ಲಿಯೂ ಅವೇ ಇರುವಾಗ, ಮಕ್ಕಳಿಗೆ ಮತ್ತೊಂದು ಹೊರೆಯೇಕೆ? ಆಕ್ಷೇಪ ನ್ಯಾಯವಾದುದು, ಉತ್ತರಕ್ಕೆ ಅರ್ಹವಾದುದು. ಆ ಅಂಕೆಗಳೊಡನೆ ಕನ್ನಡಕ್ಕೆ ವೈರವಿಲ್ಲ. ಸಂವಿಧಾನದ ೩೪೩ನೆಯ ವಿಧಿಯೇ ಅವನ್ನು ಭಾರತೀಯ ಅಂಕೆಗಳ ಅಂತರರಾಷ್ಟ್ರೀಯ ರೂಪವೆಂದು ಕರೆದಿದೆ. ಬ್ರಾಹ್ಮಿಯ ಒಂದು ಕವಲು ಅರಬ್ಬರ ನಾಡನ್ನು ದಾಟಿ ಯೂರೋಪನ್ನು ಸುತ್ತಿ ಮರಳಿ ಬಂತು. ಮತ್ತೊಂದು ಕವಲು ಮನೆಯಲ್ಲಿಯೇ ಉಳಿದು ಕನ್ನಡದ ಅಂಕೆಯಾಯಿತು. ದೂರದೇಶದಿಂದ ಸಂಪನ್ನನಾಗಿ ಮರಳಿದ ತಮ್ಮನನ್ನು ಆದರಿಸುವುದು ಯುಕ್ತ. ಹಾಗೆಂದು ಮನೆಯಲ್ಲುಳಿದ ಅಣ್ಣನ ಹೆಸರನ್ನೇ ಮರೆಯುವುದು ಯುಕ್ತವಲ್ಲ. ಕನ್ನಡದ ಅಂಕೆಗಳಲ್ಲಿಯೇ ಗಣಿತ ಮಾಡಬೇಕೆಂದು ಇಲ್ಲಿ ಯಾರೂ ಹಟ ಹಿಡಿದಿಲ್ಲ. ಓದಲು ಬರಬೇಕು ಎಂಬುದಷ್ಟೇ ಬೇಡಿಕೆ. ಹತ್ತು ಚಿಹ್ನೆಗಳನ್ನು ಕಲಿಯಲು ಮಗುವಿಗೆ ಒಂದು ವಾರ ಸಾಕು; ಕಲಿಯದೆ ಹೋದರೆ ಅದರ ಪಾಲಿಗೆ ಹತ್ತು ಶತಮಾನಗಳ ಬರಹ ಅರ್ಧ ಮೂಕವಾಗುತ್ತದೆ.

ಆದುದರಿಂದ ಶಾಲೆಗಳು ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಅಧ್ಯಾಪಕರು ಐದನೆಯ ತರಗತಿಯಲ್ಲಿ ಒಂದು ವಾರವನ್ನು ಕನ್ನಡದ ಅಂಕೆಗಳಿಗೆ ಮೀಸಲಿಡಲಿ. ಹಾಜರಿಯ ಸಂಖ್ಯೆಯನ್ನು, ಕರಿಹಲಗೆಯ ಮೇಲಿನ ದಿನಾಂಕವನ್ನು ಕನ್ನಡದ ಅಂಕೆಗಳಲ್ಲಿಯೂ ಬರೆಯುವ ವಾಡಿಕೆ ಇಟ್ಟುಕೊಳ್ಳಲಿ. ಎಂಟನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಮುಂಜಾನೆಯ ಓರೆಬಿಸಿಲಿನಲ್ಲಿ ಶಾಸನದ ಮುಂದೆ ನಿಲ್ಲಿಸಲಿ. ಆ ಬೆಳಕಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ, ಕಲ್ಲಿಗೆ ಎಣ್ಣೆ ಸುಣ್ಣ ಬಳಿದು ಕೆಡಿಸುವ ಅಗತ್ಯವಿಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಕಡತ, ಕಾಗದಪತ್ರ, ಪಹಣಿಗಳನ್ನು ಒಮ್ಮೆ ಬಿಚ್ಚಿ ನೋಡಲಿ. ಅಜ್ಜ ಬರೆದ ಅಂಕೆಯನ್ನು ಮೊಮ್ಮಗನಿಗೆ ತೋರಿಸಬಲ್ಲ ಕೊನೆಯ ತಲೆಮಾರು ಅವರದೇ ಆಗಬಾರದು. ದಾನಿಗಳು ಶಾಲೆಯ ಗ್ರಂಥಾಲಯಕ್ಕೆ ಜಿಲ್ಲೆಯ ಶಾಸನ ಸಂಪುಟಗಳನ್ನೂ ‘ಗಣಿತಸಾರಸಂಗ್ರಹ’ದ ಕನ್ನಡ ಅನುವಾದವನ್ನೂ ಕೊಡಿಸಲಿ.

ಕೊನೆಯದಾಗಿ, ಶಾಲೆಯ ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲುಫಲಕವೊಂದನ್ನು ಇನ್ನು ಮುಂದೆ ಇರಿಸುವಾಗ ಅದರಲ್ಲಿ ಮೊತ್ತವನ್ನೂ ವರ್ಷವನ್ನೂ ಕನ್ನಡದ ಅಂಕೆಗಳಲ್ಲಿ ಕೆತ್ತಿಸಲಿ, ಜೊತೆಗೆ ಸಂವತ್ಸರದ ಹೆಸರೂ ಇರಲಿ. ನೂರು ವರ್ಷ ಕಳೆದ ಮೇಲೆ ಈ ಅಂಗಳದಲ್ಲಿ ಆಡುವ ಮಗುವೊಂದು ಆ ಕಲ್ಲಿನ ಮುಂದೆ ನಿಂತು, ಯಾರ ನೆರವೂ ಇಲ್ಲದೆ, ಕೊಟ್ಟವರ ಹೆಸರನ್ನು ಓದಿದಂತೆಯೇ ಕೊಟ್ಟದ್ದೆಷ್ಟೆಂಬುದನ್ನೂ ತಡವರಿಸದೆ ಓದಿದರೆ, ಅಂದು ಅಂಕೆಯ ಅಕ್ಷರಾಭ್ಯಾಸ ಸಾರ್ಥಕವಾದಂತೆ. ಶ್ರೀಗುರುವಿನ ಕೃಪೆಯಿಂದ ಆ ಶುಭದಿನಕ್ಕೆ ಈ ವರ್ಷವೇ ಮೊದಲಾಗಲಿ.